ಸರ್ವಮಂಗಳಮ್ಮನ ಹಿತ್ತಲ ಹೊಂಡ

ಚಿತ್ರದುರ್ಗದ ಹತ್ತಿ ವ್ಯಾಪಾರಿ ರೇವಣಸಿದ್ದಪ್ಪನವರ ಹೆಂಡತಿ ಸರ್ವಮಂಗಳಮ್ಮನಿಗೆ ಕೇರಿಯವರು ಮೀನಮ್ಮ ಎಂದು ಅಡ್ಡಹೆಸರಿಟ್ಟಿದ್ದರು. ಎದುರಿಗೆ ಕರೆಯುವ ಎದೆ ಯಾರಿಗೂ ಇರಲಿಲ್ಲ, ಅದು ಬೇರೆ ಮಾತು. ಮೀನಿನ ಹೆಸರೆತ್ತದ ಲಿಂಗವಂತರ ಮನೆಗೆ ಇಂಥ ಹೆಸರು ಅಂಟಿಕೊಂಡಿತಲ್ಲ ಎಂದು ಅತ್ತೆ ಅನ್ನಪೂರ್ಣಮ್ಮನವರಿಗೆ ಮೈಯೆಲ್ಲ ಉರಿ. ಸೊಸೆಗೆ ಮಾತ್ರ ಒಳಗೊಳಗೇ ಖುಷಿ.

ಆಕೆ ಹಿರಿಯೂರು ಕಡೆಯ ಆದಿವಾಲದವಳು. ವೇದಾವತಿ ಹೊಳೆಯ ಮಡುವಿನಲ್ಲಿ ಅಣ್ಣಂದಿರ ಜೊತೆ ಬಿದ್ದು ಎದ್ದು ಈಜು ಕಲಿತವಳು. ಆಕೆ ಮದುವೆಯಾಗಿ ಬಂದ ಮೇಲೆ ಮಾರಿಕಣಿವೆಗೆ ಕಟ್ಟೆ ಕಟ್ಟಿದರು. ನೀರೆಲ್ಲ ಮೇಲೇ ನಿಂತು ಕೆಳಗೆ ಹೊಳೆ ಸೊರಗಿತು. ಈಗ ತವರಿಗೆ ಹೋದರೂ ಹಳೆಯ ಮಡುವಿಲ್ಲ. ಉಳಿದದ್ದು ಗಂಡನ ಮನೆಯ ಹಿತ್ತಲ ಹೊಂಡವೊಂದೇ. ಬಂಡೆಯ ಬುಡದಲ್ಲಿ ಹಿಂದಿನವರು ಕಲ್ಲು ಮೆಟ್ಟಿಲು ಇಳಿಸಿ, ಗಾರೆ ಹಾಕಿ ಕಟ್ಟಿಸಿದ ಈಜುಹೊಂಡ ಅದು. ಬೆಳಗಿನ ಕಸಮುಸುರೆ ಮುಗಿಸಿ, ಕಚ್ಚೆ ಬಿಗಿದು ಅದಕ್ಕೆ ಹಾರಿದಳೆಂದರೆ ಆಕೆ ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಆ ಸುಖ ಮನೆಯಲ್ಲಿ ಇನ್ನೆಲ್ಲೂ ಆಕೆಗೆ ಸಿಕ್ಕಿರಲಿಲ್ಲ.

ಅಂಥ ಹೊಂಡ ಸೋರತೊಡಗಿತು. ಮಳೆಗೆ ತುಂಬುತ್ತಿತ್ತು, ದಸರೆಯ ಹೊತ್ತಿಗೆ ಇಳಿದುಹೋಗುತ್ತಿತ್ತು. ಗಾರೆ ಕೆಲಸದ ದುರುಗಣ್ಣ ಹೋದ ವರ್ಷ ಬಂದು "ತಳ ಸೋರ್ತೈತೆ ಅಮ್ಮಾರೆ, ಕಣ್ಣು ಮುಚ್ಕಂಡು ಹೇಳ್ತೀನಿ" ಎಂದಿದ್ದ. ಕಣ್ಣು ಮುಚ್ಚಿಕೊಂಡೇ ಹೇಳಿದ್ದನೆಂದು ಕಾಣುತ್ತದೆ. ಇಡೀ ತಳಕ್ಕೆ ಹೊಸ ಗಾರೆ ಹಾಕಿ ಹೋದ, ಈ ವರ್ಷವೂ ನೀರು ಹಾಗೇ ಇಳಿಯತೊಡಗಿತು.

ರೇವಣಸಿದ್ದಪ್ಪ ಕೆಟ್ಟವರಲ್ಲ. ಆದರೆ ಖಾಲಿ ಜಾಗ ಕಂಡರೆ ಅಲ್ಲಿ ಹತ್ತಿ ಅಂಡಿಗೆ ಒಟ್ಟಬೇಕು ಅನ್ನಿಸುವ ಮನುಷ್ಯ.

"ದುರ್ಗದ ಬಿಸಿಲು ಕುಡಿತೈತೆ ಕಣೆ. ನೀರು ನಿಲ್ಲದ ಹೊಂಡ ಇಟ್ಕಂಡು ಏನ್ ಮಾಡಾಣ? ದೀಪಾವಳಿ ನೀರು ತುಂಬೋ ಹಬ್ಬಕ್ಕೆ ತುಂಬ್ಸಿದ್ದು ನಿಂತ್ರೆ ಸರಿ. ಇಲ್ಲಾಂದ್ರೆ ಮಣ್ಣು ತುಂಬಿಸಿ ಉಗ್ರಾಣ ಕಟ್ಟಿಸ್ತೀನಿ."

"ನಿಂತ್ರೆ?" ಎಂದಳು ಸರ್ವಮಂಗಳಮ್ಮ.

"ನಿಂತ್ರೆ ನಿಂದೇ."

"ಮಾತು ತಪ್ಪಬ್ಯಾಡ್ರಿ ಮತ್ತೆ" ಎಂದು ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದಳು. ಅಳುವುದಿದ್ದರೆ ಮಣ್ಣು ಬಿದ್ದ ಮೇಲೆ ಅಳುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದಳು.

ಮೊದಲು ಬಿಸಿಲಿನ ಮೇಲಿನ ದೂರು ಹೌದೋ ಅಲ್ಲವೋ ನೋಡಬೇಕಿತ್ತು. ಬಚ್ಚಲ ಹಂಡೆಯನ್ನು ಹೊರಿಸಿಕೊಂಡು ಬಂದು, ಹೊಂಡದ ಮೆಟ್ಟಿಲ ಮೇಲೆ ಇಟ್ಟು, ನೀರು ತುಂಬಿ, ಒಳಗೆ ಕೆಮ್ಮಣ್ಣಿನ ಗೆರೆ ಎಳೆದಳು. ಹೊಂಡದ ಗೋಡೆಗೂ ನೀರಿನ ಮಟ್ಟಕ್ಕೆ ಅಂಥದೇ ಗೆರೆ. ಎರಡಕ್ಕೂ ಒಂದೇ ಬಿಸಿಲು, ಒಂದೇ ಗಾಳಿ. ಎರಡು ದಿನ ಬಿಟ್ಟು ನೋಡಿದರೆ ಹಂಡೆಯ ನೀರು ಬೆರಳಗಲ ಇಳಿದಿತ್ತು, ಹೊಂಡದ್ದು ಗೇಣಿಗೂ ಮಿಕ್ಕಿ. ಬಿಸಿಲಿನ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದರು.

ದುರುಗಣ್ಣ ಕರಣಿ ಹಿಡಿದು ಮತ್ತೆ ಹಾಜರಾದ. "ತಳ ಇನ್ನೊಂದು ಸಲ ಬಡಿದು ಬಿಗಿ ಮಾಡಾಣ ಅಮ್ಮಾರೆ" ಎಂದ.

"ತಡಿ ದುರುಗಣ್ಣ. ನೀರು ತಾನೇ ಹೇಳ್ಲಿ."

ದಿನಾ ಗೆರೆ ಎಳೆಯುತ್ತಾ ಬಂದಳು. ಗೆರೆಯ ಕೆಳಗೆ ಗೆರೆ, ಗೋಡೆಯೆಲ್ಲ ಕೆಂಪು. ಇತ್ತ ಹಬ್ಬ ಹತ್ತಿರ ಬರುತ್ತಿತ್ತು, ಅತ್ತ ನೀರು ದೂರ ಹೋಗುತ್ತಿತ್ತು. ಆದರೂ ಕಾದಳು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಹೊಂಡದ ನೀರು ನಿಂತುಬಿಟ್ಟಿದೆ! ಮಾರನೆಯ ದಿನವೂ ಅಲ್ಲೇ. ಅಂದರೆ ತಳ ಗಟ್ಟಿ ಇದೆ. ತೂತು ಏನಿದ್ದರೂ ನೀರಿನಿಂದ ಮೇಲೆ.

ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಸಂದಿಗೆ ಉಗುರು ಹಾಕಿದಳು. ಗಾರೆ ಹಿಟ್ಟಿನಂತೆ ಉದುರಿತು. ಕೈ ಮುಳುಗಿಸಿ ನೀರಿನೊಳಗಿನ ಸಂದಿಗೆ ಹಾಕಿದಳು. ಅಲ್ಲಿ ಉಗುರೇ ಮುರಿಯಿತು. ಒಂದೇ ಗೋಡೆ, ಒಂದೇ ಕಾಲದ ಗಾರೆ. ಮೇಲಿನದಕ್ಕೆ ಮಾತ್ರ ಯಾವ ರೋಗ ಬಂತು?

ಪಕ್ಕದಲ್ಲೇ ಹಂಡೆ ಇತ್ತು. ಹಂಡೆಯ ಒಳಮೈಗೆ ದುರ್ಗದ ಗಡಸು ನೀರಿನ ಬಿಳಿ ಹಕ್ಕಳೆ ಕಟ್ಟಿತ್ತು. ಅದನ್ನು ತೆಗೆಯಲು ಯಾವ ಹೆಣ್ಣುಮಗಳಿಗೆ ಬರುವುದಿಲ್ಲ? ಒಂದು ಹಿಡಿ ಹುಣಸೆಹುಳಿ ಹಾಕಿ ತಿಕ್ಕಿದರೆ ಹಕ್ಕಳೆ ಕರಗಿ ಬಿಡುತ್ತದೆ. ಹಾಗೆ ಅಂದುಕೊಳ್ಳುತ್ತಿದ್ದ ಹಾಗೇ ಸರ್ವಮಂಗಳಮ್ಮ ತಿರುಗಿ ಗೋಡೆಯನ್ನು ನೋಡಿದಳು. ಗಾರೆಯೂ ಸುಣ್ಣದ್ದೇ ಅಲ್ಲವೇ?

ನೀರು ತುಂಬುವ ಹಬ್ಬದ ದಿನ ಎಲ್ಲರ ಮನೆಯಲ್ಲೂ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಹೊಸ ನೀರು ತುಂಬುತ್ತಾರೆ. ಆಕೆಯ ತವರಿನಿಂದ ವರ್ಷ ವರ್ಷ ಹುಣಸೆಹಣ್ಣಿನ ಮೂಟೆಗಳು ಬರುತ್ತಿದ್ದವು. ಇಷ್ಟು ಹುಣಸೆ ಏನು ಮಾಡುವುದೆಂದು ತಿಳಿಯದೆ ಅನ್ನಪೂರ್ಣಮ್ಮ ಹೊಂಡವೂ ನೀರಿನ ಪಾತ್ರೆಯೇ ಅಲ್ಲವೇ ಎಂದು, ಎತ್ತಿನ ಕಪಿಲೆ ಕಟ್ಟಿಸಿ ನೀರನ್ನು ಎತ್ತಿಸಿ ಅರ್ಧಕ್ಕೆ ಇಳಿಸಿ, ಆಳುಗಳಿಂದ ಮೆಟ್ಟಿಲು ಗೋಡೆಯನ್ನೆಲ್ಲ ಹುಣಸೆಹುಳಿಯಲ್ಲಿ ತಿಕ್ಕಿಸಿ ಮತ್ತೆ ಬಾವಿಯ ನೀರು ತುಂಬಿಸುವ ಪದ್ಧತಿ ಹಾಕಿದ್ದರು. ನೀರು ನಿಂತಿದ್ದು ಸರಿಯಾಗಿ ಆ ತಿಕ್ಕು ನಿಲ್ಲುವ ಮಟ್ಟಕ್ಕೆ. ಉದುರಿದ ಗಾರೆಯ ಚೂರಿನ ಮೇಲೆ ಹುಳಿ ಕಿವುಚಿ ಹಾಕಿದಳು. ಸಣ್ಣಗೆ ನೊರೆ ಬಂತು.

ತನ್ನ ತವರಿನ ಹುಣಸೆಯೇ ತನ್ನ ಹೊಂಡವನ್ನು ತಿಂದಿತ್ತು! ಆಕೆಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅತ್ತೆಗೆ ಏನು ಹೇಳುವುದು? ಕೇರಿಯವರ ಮುಂದೆಲ್ಲ ಹೊಂಡ ತಿಕ್ಕಿಸಿದ್ದನ್ನು ಹೇಳಿಕೊಂಡು ಮೆರೆಯುತ್ತಿದ್ದ ಜೀವ ಅದು. ಮೊದಲು ಹೊಂಡ, ಆಮೇಲೆ ಮಾತು ಎಂದು ಎದ್ದಳು.

ದುರುಗಣ್ಣನನ್ನು ಸಂದಿ ಸಂದಿಗೆ ಕೂರಿಸಿದಳು. ಸತ್ತ ಗಾರೆಯನ್ನೆಲ್ಲ ಕೆರೆಸಿದಳು. ಸುಣ್ಣ, ಮರಳು, ಇಟ್ಟಿಗೆ ಪುಡಿಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಗಾರೆ ಗಾಣದಲ್ಲಿ ಬೆಣ್ಣೆಯಾಗುವ ತನಕ ಅರೆಸಿದಳು. "ಸಾಕಲ್ರಮ್ಮ, ಎತ್ತು ಸುಸ್ತಾದ್ವು" ಎಂದು ದುರುಗಣ್ಣ ಗೊಣಗಿದರೆ, "ಎತ್ತಿಗೆ ಬೆಲ್ಲ ತಿನ್ಸು, ಇನ್ನೊಂದು ಸುತ್ತು ಅರಿ" ಎಂದಳು. ಗಾರೆ ತುಂಬಿದ ಮೇಲೆ ಬಿಸಿಲಿಗೆ ಸೀಳದಿರಲೆಂದು ಗೋಣಿ ತಟ್ಟು ಹೊದಿಸಿ, ದಿನವಿಡೀ ತಾನೇ ನೀರು ಚಿಮುಕಿಸಿದಳು. ಸುಣ್ಣಕ್ಕೆ ಬೆರಳ ಸಂದಿ ಬಿರಿದವು. ಊಟಕ್ಕೆ ಕೂತರೆ ಸಾರು ತಗುಲಿ ಧಗಧಗ ಉರಿಯುತ್ತಿತ್ತು.

ಹಬ್ಬದ ಬೆಳಿಗ್ಗೆ ಗಾರೆ ಗಟ್ಟಿಯಾಗಿ ನಿಂತಿತ್ತು. ಕಪಿಲೆ ಕಟ್ಟುವ ಹೊತ್ತಿಗೆ ಅನ್ನಪೂರ್ಣಮ್ಮ ಹುಣಸೆಹುಳಿಯ ಬುಟ್ಟಿ ಹೊರಿಸಿಕೊಂಡು ಬಂದರು. ಸರ್ವಮಂಗಳಮ್ಮ ಮೆಟ್ಟಿಲಿಗೆ ಅಡ್ಡ ನಿಂತಳು.

"ಬ್ಯಾಡ್ರಿ ಅತ್ತೆಮ್ಮ."

"ಏನೇ ಹಂಗಂದ್ರೆ? ತಿಕ್ಕದ ಪಾತ್ರೆಗೆ ಹಬ್ಬದ ನೀರು ತುಂಬ್ತಾರೇನೆ?"

ಮಾತಿನಿಂದ ಆಗುವ ಕೆಲಸವಲ್ಲ. ಬುಟ್ಟಿಯಿಂದ ಹುಳಿ ತೆಗೆದು, ಹಳೆಯ ಗಾರೆಯ ಚೂರನ್ನು ಅತ್ತೆಯ ಅಂಗೈಯಲ್ಲಿಟ್ಟು ಅದರ ಮೇಲೆ ಹಿಂಡಿದಳು. ನೊರೆ ಎದ್ದಿತು. ಅನ್ನಪೂರ್ಣಮ್ಮ ಅಂಗೈಯನ್ನು ನೋಡಿದರು, ಗೋಡೆಯನ್ನು ನೋಡಿದರು, ಸೊಸೆಯ ಬಿರಿದ ಬೆರಳನ್ನು ನೋಡಿದರು. ಬುಟ್ಟಿಯನ್ನು ಅಡಿಗೆಮನೆಗೆ ವಾಪಸ್ಸು ಕಳಿಸಿದರು. ಆ ದಿನ ಮನೆಯಲ್ಲಿ ಸಾರು ಯಾಕೋ ಬಹಳ ಹುಳಿಯಾಗಿತ್ತು.

ಹೊಂಡ ತುಂಬಿತು. ಹಂಡೆಯೂ ಅದರ ಪಕ್ಕದಲ್ಲಿ ತುಂಬಿ ಕೂತಿತು. ಹಬ್ಬ ಕಳೆದ ಮೇಲೆ ರೇವಣಸಿದ್ದಪ್ಪ ಜೋಳದ ದಂಟೊಂದನ್ನು ಹಿಡಿದು ತಾವೇ ಅಳೆಯಲು ಬಂದರು. ಹಂಡೆಯಲ್ಲಿ ಬೆರಳಗಲ ಇಳಿದಿತ್ತು. ಹೊಂಡದಲ್ಲಿಯೂ ಬೆರಳಗಲ. ನಂಬದೆ ಇನ್ನೊಂದು ಸಲ ಅಳೆದರು.

"ಆಯ್ತಪ್ಪ, ಹತ್ತಿ ಬೇರೆ ಕಡೆ ಇಡಾಣ" ಎಂದು ದಂಟು ಎಸೆದರು. "ಅದಿರ್ಲಿ, ಕೆಡಿಸಿದ್ದು ಏನು ಅಂತ ಗೊತ್ತಾತೇನು?"

ಸರ್ವಮಂಗಳಮ್ಮ ಬಾಯಿ ತೆರೆದಳು. ಹುಣಸೆ ನಮ್ಮೂರಿನದು ಎಂದು ಹೇಳಿಬಿಡುವವಳಿದ್ದಳು. ಅಷ್ಟರಲ್ಲಿ ಅನ್ನಪೂರ್ಣಮ್ಮ ಮೇಲಿನ ಮೆಟ್ಟಿಲಿಂದ ಗದರಿದರು:

"ನಾನು ಕೆಡಿಸಿದ್ದು ಕಣಪ್ಪ. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತಾರೆ, ಕೇಳಿಲ್ವೇನು? ಹೋಗು, ಅಂಗಡಿ ಬಾಗ್ಲು ತೆಗಿ."

ಮಗ ಹೋದ. ಮಂಡಿನೋವಿನ ಮುದುಕಿ ಸೊಸೆಯ ಕೈ ಹಿಡಿದು ನಿಧಾನವಾಗಿ ಇಳಿದು, ನೀರಿಗೆ ಕಾಲು ಬಿಟ್ಟು ಕೂತರು. ಸೊಸೆಯ ಬೆನ್ನ ಮೇಲೆ ಮೆಲ್ಲಗೆ ತಟ್ಟಿದರು.

"ಹೋಗೇ ಮೀನಮ್ಮ, ಬೀಳು ನೀರಿಗೆ. ನಾನಿಲ್ಲೇ ಕುಂತಿರ್ತೀನಿ."

ಸರ್ವಮಂಗಳಮ್ಮ ಕಚ್ಚೆ ಬಿಗಿದು ಹಾರಿದಳು. ಅತ್ತೆಯ ಸೀರೆಯೆಲ್ಲ ಒದ್ದೆಯಾಯಿತು.