ಅತ್ತೆಯ ದನಿಗೊಂದು ಪ್ಲೇಯರ್

ಮೆಟ್ಟುಗತ್ತಿಯಲ್ಲಿ ಬಸಳೆ ದಂಟು ಹೆಚ್ಚುತ್ತಿದ್ದೆ. ಹೊನ್ನಾವರದಿಂದ ನಾದಿನಿ ಸುಲೋಚನಾಳ ಫೋನ್ ಬಂತು. “ಅತ್ತಿಗೆ, ನಮ್ಮನೆ ಹಳೇ ಕಂಪ್ಯೂಟರ್ ಗುಜರಿಗೆ ಹೋತು,” ಎಂದಳು. ಕೈ ಅಲ್ಲೇ ನಿಂತಿತು. ಗುಜರಿಗೆ ಹೋದ ಪೆಟ್ಟಿಗೆಗೆ ಯಾರಾದರೂ ಮರುಗುತ್ತಾರೆಯೇ ಎಂದು ನೀವು ನಗಬಹುದು. ನಗಿ, ತೊಂದರೆಯಿಲ್ಲ. ನನ್ನದೊಂದು ತಪ್ಪನ್ನು ದೇವರು ಆ ಪೆಟ್ಟಿಗೆಯ ಮುಂದೆ, ಸುಲೋಚನಾಳ ಕೈಯಿಂದ ತಿದ್ದಿಸಿದ್ದ.

ತಪ್ಪು ಹೀಗೆ. ನಮ್ಮ ಅತ್ತೆ ಶಿರಾಲಿಯ ಸುತ್ತಮುತ್ತ ಯಾರ ಮನೆಯ ಮದುವೆಯಾದರೂ ಅರಿಶಿನ ಹಚ್ಚುವ ಹಾಡು ಹೇಳುತ್ತಿದ್ದವರು. ಒಮ್ಮೆ ಅದನ್ನು ಟೇಪ್ ಮಾಡೋಣವೆಂದು ಕೂರಿಸಿದೆ. ಕರೆಂಟ್ ಇರಲಿಲ್ಲ. ಹೊಸ ಸೆಲ್ ತರುವ ಬದಲು, ಎಲ್ಲರೂ ಮಾಡುವಂತೆ, ಟಾರ್ಚಿನ ಹಳೇ ಸೆಲ್‌ಗಳನ್ನು ಅಂಗಳದ ಬಿಸಿಲಿಗಿಟ್ಟು, ಬೆಚ್ಚಗಾದ ಮೇಲೆ ಟೇಪ್‌ರೆಕಾರ್ಡರಿಗೆ ತುಂಬಿದೆ. ಇಂಥ ಉಳಿತಾಯದಲ್ಲಿ ನಾನು ಬಹಳ ಜಾಣೆ. ಸೋತ ಸೆಲ್‌ನಲ್ಲಿ ಹಾಡು ತುಂಬುವಾಗ ಟೇಪು ನಿಧಾನ ತಿರುಗಿತ್ತು. ಕರೆಂಟ್ ಬಂದ ಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ಅತ್ತೆ ಅಳಿಲಿನ ದನಿಯಲ್ಲಿ ಗಡಿಬಿಡಿಯಿಂದ ಹಾಡುತ್ತಿದ್ದರು. ಇನ್ನೊಂದು ದಿನ ಮಾಡಿದರಾಯಿತು ಎಂದುಕೊಂಡೆ. ಆ ದಿನ ಬರುವ ಮೊದಲೇ ಅವರಿಗೆ ಲಕ್ವ ಹೊಡೆದು ಮಾತು ಹೋಯಿತು.

ಕೆಲವು ವರ್ಷಗಳಾದ ಮೇಲೆ ಸುಲೋಚನಾಳ ಮಗಳ ಮದುವೆ ಕೂಡಿಬಂತು. ಮೊಮ್ಮಗಳಿಗೆ ಅರಿಶಿನ ಹಚ್ಚುವಾಗ ಆ ಹಾಡು ಬೇಕೆಂದು ಅತ್ತೆ ಎಡಗೈಯಲ್ಲಿ ಕ್ಯಾಸೆಟ್ ತೋರಿಸಿದರು. ಸುಲೋಚನಾ ಅದನ್ನು ಅಂಗಡಿಯಲ್ಲಿ ಸಿ.ಡಿ. ಮಾಡಿಸಿ ತಂದು, ಹೊನ್ನಾವರದ ಮನೆಯಲ್ಲಿ ಸೇರಿದ್ದ ಎಲ್ಲರೆದುರು ತನ್ನ ಕಂಪ್ಯೂಟರಿನಲ್ಲಿ ಹಾಕಿದಳು. ನೆಂಟರ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಮದುವೆಗೆ ನಾಲ್ಕೇ ದಿನ. ನಾನು ದೇವರಿಗೊಂದು ಕಾಯಿ ಹೇಳಿಕೊಂಡೆ. ಸುಲೋಚನಾ ಕುರ್ಚಿ ಎಳೆದುಕೊಂಡಳು.

ಕಂಪ್ಯೂಟರಿನ ಜೊತೆಗೇ ಬಂದಿದ್ದ, ಹಾಡು ಕೇಳಿಸುವ ಪ್ಲೇಯರ್ ಎಂಬ ಪ್ರೋಗ್ರಾಮಿನಲ್ಲಿ ವೇಗ ಇಳಿಸುವ ದಾರಿ ಅವಳಿಗೆ ಸಿಗಲಿಲ್ಲ. ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಬೇರೆ ಬೇರೆ ಪ್ಲೇಯರ್ ಹಾಕುತ್ತಾ ಹೋದಳು. ಒಂದರಲ್ಲಿ ಹಾಡಿಗೆ ತಕ್ಕಂತೆ ಬಣ್ಣದ ಅಲೆಗಳು ಕುಣಿಯುತ್ತಿದ್ದವು. “ಇದೇ ಇರಲಿ, ಎಷ್ಟು ಚಂದ,” ಎಂದೆ.

“ಅತ್ತಿಗೆ, ನೀನು ಸೀರೆ ಆರಿಸೂಕೆ ಬಂದದ್ದಲ್ಲ,” ಎಂದಳು.

ಇನ್ನೊಂದು ವೇಗವನ್ನೇನೋ ಇಳಿಸಿತು; ದನಿ ಮಾತ್ರ ಅದೇ ಸಣ್ಣದು. ಅಳಿಲು ಸಾವಧಾನವಾಗಿ ಹಾಡಿದಂತಿತ್ತು. ನಾನಾಗಿದ್ದರೆ ಅಷ್ಟಕ್ಕೇ ಕೈಮುಗಿದು ಏಳುತ್ತಿದ್ದೆ. ಅವಳು ಬಿಡಲಿಲ್ಲ. ಕಡೆಗೆ ಸಿಕ್ಕಿದ್ದು ಬೂದು ಬಣ್ಣದ್ದು, ನೋಡಲು ಏನೂ ಇಲ್ಲ. ಅದರಲ್ಲಿ ಒಂದು ಗುಂಡಿಯನ್ನು ಎಡಕ್ಕೆ ಸರಿಸಿದರೆ ವೇಗವೂ ದನಿಯೂ ಒಟ್ಟಿಗೇ ಇಳಿಯುತ್ತಿದ್ದವು.

ಆದರೆ ಎಷ್ಟು ಇಳಿಸಬೇಕು? ಒಂದು ಕಡೆ ದನಿ ಬಹಳ ಇಂಪಾಗಿ ಕೇಳಿತು. “ಇದೇ ಅತ್ತೆ ದನಿ. ಆತು, ನಿಲ್ಸು,” ಎಂದೆ. ಹಿಂದೆ ಕುಳಿತಿದ್ದ ಅತ್ತೆ ಅಲ್ಲವೆಂದು ತಲೆಯಾಡಿಸಿದರು. ಸುಲೋಚನಾ ಪರದೆಯನ್ನು ಬಿಟ್ಟು ತಾಯಿಯ ಕಡೆಗೇ ತಿರುಗಿ ಕುಳಿತಳು. “ಅಮ್ಮ, ನೀನೇ ಹೇಳು. ಇನ್ನೂ ಇಳಿಸ್ಬೇಕಾ?” ಕೂದಲೆಳೆಯಷ್ಟು ಸರಿಸುವುದು, ತಾಯಿಯ ಮುಖ ನೋಡುವುದು. ದನಿ ದಪ್ಪಗಾಯಿತು, ಸ್ವಲ್ಪ ಒರಟೂ ಆಯಿತು. ಆಗ ಅತ್ತೆಯ ಎಡಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಅಷ್ಟು ವರ್ಷ ಅವರ ಜೊತೆ ಒಂದೇ ಒಲೆಯ ಮುಂದೆ ಕುಳಿತವಳು ನಾನು, ಅವರ ದನಿಯನ್ನು ನೆನಪಿನಲ್ಲಿ ಸಿಹಿ ಮಾಡಿಟ್ಟುಕೊಂಡಿದ್ದೆ.

ಅರಿಶಿನದ ದಿನ ಕರೆಂಟ್ ಹೋಗಲಿಲ್ಲ. ಅದೂ ದೇವರ ಉಪಕಾರವೇ. ಹಾಡಿನ ಎರಡನೇ ಸಾಲಿಗೆ ಕಾಯ್ಕಿಣಿಯಿಂದ ಬಂದಿದ್ದ ಅಜ್ಜಿಯೊಬ್ಬರು ದನಿಗೂಡಿಸಿದರು. ಆಮೇಲೆ ಅರಿಶಿನ ಹಚ್ಚುತ್ತಿದ್ದ ಹೆಂಗಸರೆಲ್ಲ. ಮೊದಲಿನ ಆ ಕೀಚಲು ದನಿಗೆ ಯಾವ ಗಂಟಲೂ ಏರುತ್ತಿರಲಿಲ್ಲ. ಅತ್ತೆಯ ದನಿ ಎಲ್ಲರಿಗೂ ಎಟುಕುವಷ್ಟೇ ಎತ್ತರದಲ್ಲಿತ್ತು. ನೋಡಿದರೆ, ಅತ್ತೆಯ ತುಟಿಯೂ ಅಲುಗುತ್ತಿತ್ತು.

ಅತ್ತೆ ಹೋಗಿ ಈಗ ಎಷ್ಟೋ ಕಾಲವಾಯಿತು. “ಅತ್ತಿಗೆ, ಕೇಳ್ತಾ ಇದ್ಯಾ?” ಎಂದಳು ಫೋನಿನಲ್ಲಿ ಸುಲೋಚನಾ. “ಸಿ.ಡಿ. ಜೋಪಾನವಾಗಿ ಇಟ್ಕಂಡಿದ್ದೆ. ಆ ಬೂದು ಪ್ಲೇಯರ್ ಮಾತ್ರ ಹಳೇದ್ರ ಜೊತೆಗೇ ಹೋತು. ಹೊಸ ಕಂಪ್ಯೂಟರಿಗೆ ಯಾವ ಪ್ಲೇಯರ್ ಹಾಕುದು? ಅಮ್ಮನ ದನಿ ಎಲ್ಲಿಗೆ ನಿಲ್ಸುದು ಅಂತ ಈಗ ಯಾರನ್ನ ಕೇಳಲಿ?”

“ಅದ್ರ ಜೊತೆ ಹಾಡಿ ನೋಡು. ನಿನ್ನ ಗಂಟಲು ಕೂಡಿದ್ರೆ ಅದೇ ಆತು.”

“ಒಬ್ಳೇ ಹಾಡಿದ್ರೆ ಎಂತ ಗೊತ್ತಾಗ್ತದೆ? ನೀನೂ ಬಾ.”

ನಾಳೆ ಬೆಳಗಿನ ಬಸ್ಸಿಗೇ ಬರುತ್ತೇನೆಂದೆ. ಫೋನ್ ಇಟ್ಟು, ನಾನಿಲ್ಲದಾಗ ಮನೆಯವರಿಗೆ ದೋಸೆಗೆಂದು ಅಕ್ಕಿ ನೆನೆಹಾಕಲು ಎದ್ದೆ.