ಗಾಜಿನ ಕಣ್ಣು

ನಾರ್ತ್‌ವಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ಡಾಕ್ಟರ್ ಅಂಕಲ್ ಧಾರವಾಡದ ಕಡೆಯವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಹಿಮದಲ್ಲಿ ಕಾರು ಹೂತುಹೋದರೂ, ಯಾರದಾದರೂ ಕೆಲಸ ಹೋದರೂ ‘ಏನೂ ಆಗೂದಿಲ್ಲ ತಗೋ’ ಎಂದು ಕೈ ಬೀಸಿಬಿಡುತ್ತಿದ್ದರು.

ಒಮ್ಮೆ ಅವರ ಬೇಸ್‌ಮೆಂಟಿಗೆ ಇಳಿಯುತ್ತಿದ್ದವನು ಮೆಟ್ಟಿಲಲ್ಲೇ ನಿಂತುಬಿಟ್ಟೆ. ಗೋಡೆಯ ಮೇಲೆ ಕೋಡಿದ್ದ ಜಿಂಕೆಯ ತಲೆ. ಅದರ ಹಣೆಗೆ ಆಗಷ್ಟೇ ಹಚ್ಚಿದ ವಿಭೂತಿ.

“ಅಂಕಲ್, ನೀವು ಬೇಟೆಗೆ ಹೋಗ್ತೀರಾ?”

“ಇಲ್ಲಪಾ. ಮುಂಜಾನೆ ಡ್ಯೂಟಿಗೆ ಹೊಂಟಾಗ ನನ್ನ ಕಾರಿಗೆ ಬಡದು ಸತ್ತಿತು. ರಸ್ತೆದಾಗ ಬಿಟ್ಟು ಹೋಗಾಕ ಮನಸಾಗಲಿಲ್ಲ, ಸತ್ತ ಪ್ರಾಣಿ ತೊಗಲು ತುಂಬಿ ಕೊಡೋ ಟ್ಯಾಕ್ಸಿಡರ್ಮಿಸ್ಟ್ ಕಡೆ ಒಯ್ದೆ. ತೊಗಲು ತುಂಬೂ ಮೊದಲ ಅಂವ ಒಂದು ಟ್ರೇ ಗಾಜಿನ ಕಣ್ಣು ಮುಂದಿಟ್ಟು, ಆರಿಸ್ಕೋ ಅಂದ.”

ಅವರು ಈ ಸಲ ಕೈ ಬೀಸಲಿಲ್ಲ.

“ಮೂರು ಸಲ ಬದಲಿ ಮಾಡಿಸೇನಿ. ಅವತ್ತ ಕಾರಿನ ಮುಂದ ನನ್ನ ನೋಡಿದ ಕಣ್ಣು ಇನ್ನೂ ಸಿಕ್ಕಿಲ್ಲ.”