ಅನ್ವರ್ ಭಾಯ್ ಆಂಪ್ಲಿಫೈಯರಿನ ಗುಂಯ್ ಸದ್ದು

ಮೂರು ವರ್ಷದ ಹಿಂದಿನ ಮಾತು. ರಾಮನಗರದಲ್ಲಿ ನನ್ನ ರೇಡಿಯೊ ರಿಪೇರಿ ಅಂಗಡಿಗೆ ಆಗ ನಲವತ್ತು ವರ್ಷ ತುಂಬಿತ್ತು. ವಾಲ್ವ್ ಸೆಟ್ಟುಗಳನ್ನು, ಅಂದರೆ ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಬುರುಡೆಯ ಸೆಟ್ಟುಗಳನ್ನು ಬಲ್ಲವನು ಈ ಸುತ್ತಿನಲ್ಲಿ ನಾನೊಬ್ಬನೇ ಎಂಬ ಕೊಬ್ಬೂ ತುಂಬಿತ್ತು.

ಚನ್ನಪಟ್ಟಣದ ಅನ್ವರ್ ಭಾಯ್ ತಮ್ಮ ಹಳೆಯ ಗಿಟಾರ್ ಆಂಪ್ಲಿಫೈಯರನ್ನು ಆಟೊದಲ್ಲಿ ತಂದರು. ಅವರದು ಮರದ ಗೊಂಬೆ ಕಡೆಯುವ ಕೆಲಸ. ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು.

"ಶುಗರ್‌ನಿಂದ ಬೆರಳೆಲ್ಲ ಜೋಮು ಹಿಡೀತಾವೆ, ಶಿವಣ್ಣ. ಇನ್ನೊಸಿ ದಿನ ಅಷ್ಟೇ. ಅಷ್ಟರಲ್ಲಿ ಮಗಳಿಗೆ ನನ್ ಗಿಟಾರ್ ಒಂದ್ಸಲ ರೆಕಾರ್ಡ್ ಮಾಡಿ ಕೊಡ್ಬೇಕು. ಮೊಬೈಲಲ್ಲಿ ಒಂದ್ಸಲ ರೆಕಾರ್ಡ್ ಮಾಡ್ದೆ, ಬರೀ ಇದ್ರ ಗುಂಯ್ ಸದ್ದೇ ಬತ್ತೈತೆ," ಎಂದರು.

"ಎರಡು ದಿನದ ಕೆಲಸ, ಬಿಡಿ ಭಾಯ್," ಎಂದು ಕಳಿಸಿದೆ.

ಒಳಗಿನ ತಗಡಿನ ಚಾಸಿಸ್ ಮುಟ್ಟಿದರೆ ಸದ್ದು ತಗ್ಗುತ್ತಿತ್ತು. ಅರ್ತ್ ಸರಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಕಿಲ್ಲ. ಅರ್ತ್ ತಂತಿಯನ್ನು ಚಾಸಿಸ್‌ಗೆ ಬಿಗಿದಿದ್ದ ಬೋಲ್ಟ್ ನೋಡಿದೆ. ಬಿಗಿಯಾಗಿತ್ತು, ಹೊಸದರಂತೆ ಹೊಳೆಯುತ್ತಿತ್ತು. ಕರೆಂಟ್ ಹರಿಯುತ್ತದೆಯೇ ಎಂದು ಮೀಟರ್ ಇಟ್ಟು ನೋಡಲಿಲ್ಲ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!

ವಾಲ್ವ್ ಬದಲಿಸಿದೆ. ಕರೆಂಟನ್ನು ಸೋಸುವ ಕೆಪಾಸಿಟರ್‌ಗಳನ್ನು ಬದಲಿಸಿದೆ. ಸದ್ದು ಹಾಗೇ ಇತ್ತು. ಮೂರನೇ ವಾರಕ್ಕೆ ತಲೆ ಕೆಟ್ಟು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಕಿತ್ತೆ, ಕಾಗದದ ಕೋನಿಗೆ ತೇಪೆ ಹಾಕಿದ್ದ ಸ್ಪೀಕರನ್ನೂ ಕಿತ್ತು ಎರಡೂ ಹೊಸದು ಕೂರಿಸಿದೆ. ಸದ್ದು ಆಗಲೂ ನಿಲ್ಲಲಿಲ್ಲ. ತೆಗೆದ ಸಾಮಾನನ್ನು ಗಿರಾಕಿಗೇ ಒಪ್ಪಿಸುವುದು ನಮ್ಮ ಕಸುಬಿನ ಪದ್ಧತಿ. ಆದರೆ ಆ ಸಿಟ್ಟಿನಲ್ಲಿ ಎಲ್ಲವನ್ನೂ ಗುಜರಿಯವನ ಚೀಲಕ್ಕೆ ಹಾಕಿದೆ.

ಮಾರನೆಯ ದಿನ ಸ್ಕ್ರೂಡ್ರೈವರ್ ಜಾರಿ ಆ ಬೋಲ್ಟಿಗೆ ತಗುಲಿತು. ಜೇನಿನ ಬಣ್ಣದ ಸಣ್ಣ ಚಕ್ಕೆಯೊಂದು ಎದ್ದು ಬಂತು. ಬೋಲ್ಟ್ ಬಿಚ್ಚಿದರೆ ಅಡಿಯಲ್ಲೂ ಅದೇ. ಅನ್ವರ್ ಭಾಯ್‌ಗೆ ಫೋನ್ ಮಾಡಿದೆ.

"ತುಕ್ಕು ಹಿಡೀದಿರ್ಲಿ ಅಂತ ಬಿಚ್ಚಿ ಬಳಿದೆ ಶಿವಣ್ಣ. ನಮ್ ಗೊಂಬೆ ಅರಗೇ, ಸ್ಪಿರಿಟ್‌ನಲ್ಲಿ ಕರಗ್ಸಿ. ತಪ್ಪಾಯ್ತಾ?"

ಅರಗಿನಲ್ಲಿ ಕರೆಂಟ್ ಹರಿಯುವುದಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಿಗಿದೆ. ಹತ್ತು ನಿಮಿಷ. ಸದ್ದು ನಿಂತಿತು.

ಅವರು ಗಿಟಾರ್ ತಂದು ಅಂಗಡಿಯಲ್ಲೇ ಕೂತರು. ನಾನು ಅವರ ಮೊಬೈಲ್ ಹಿಡಿದುಕೊಂಡೆ. ಅರ್ಧ ಹಾಡು ನುಡಿಸಿ ನಿಲ್ಲಿಸಿದರು, ಗುಂಡಿ ತಿರುಗಿಸಿದರು, ಮತ್ತೆ ನುಡಿಸಿದರು.

"ಸದ್ದು ಹೋಗೈತೆ," ಎಂದರು. "ಆದ್ರೆ ಇದು ನನ್ ಗಿಟಾರ್ ಅಲ್ಲ ಶಿವಣ್ಣ. ರೆಕಾರ್ಡಿಂಗ್ ಬ್ಯಾಡ, ಆಫ್ ಮಾಡ್ಬುಡಿ."

ಹಳೆಯ ಸ್ಪೀಕರ್, ಹಳೆಯ ಟ್ರಾನ್ಸ್‌ಫಾರ್ಮರ್ ಕೊಡುತ್ತಿದ್ದ ಆ ಮೆದುವಾದ ನಾದ ಹೊಸದರಲ್ಲಿ ಇರಲಿಲ್ಲ. ನನ್ನ ಕಿವಿಗೂ ಗೊತ್ತಾಯಿತು. ಬಿಡದಿಯ ಗುಜರಿ ಗೋಡೌನಿಗೆ ಓಡಿದೆ. ತಾಮ್ರಕ್ಕಾಗಿ ಟ್ರಾನ್ಸ್‌ಫಾರ್ಮರನ್ನು ಒಡೆದಿದ್ದರು. ಸ್ಪೀಕರಿನ ಅಯಸ್ಕಾಂತ ಮಾತ್ರ ಸಿಕ್ಕಿತು. ಅನ್ವರ್ ಭಾಯ್ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮುಂದಿನ ಬೇಸಿಗೆಗೆ ಅವರ ಬೆರಳಿಗೆ ತಂತಿ ಒತ್ತುವ ಶಕ್ತಿ ಹೋಯಿತು. ಮಗಳ ಮೊಬೈಲಿನಲ್ಲಿ ಇರುವುದು ಗುಂಯ್ ಎನ್ನುವ ಆ ಹಳೆಯ ರೆಕಾರ್ಡಿಂಗ್ ಮಾತ್ರ. ಅದನ್ನೇ ಹಾಕಿ ಕೇಳುತ್ತಾಳಂತೆ.

ಈಗ ಯಾರೇ ಸೆಟ್ಟು ತಂದರೂ ಮೊದಲು ಅವರನ್ನು ಕೂರಿಸಿ, "ಇದಕ್ಕೆ ನೀವೇನಾದರೂ ಮಾಡಿದ್ರಾ?" ಎಂದು ಕೇಳುತ್ತೇನೆ. ಅನ್ವರ್ ಭಾಯ್ ಅವರನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದರು.